ಸಿಡಿ ಹಾಳಾಗಿರಲಿಲ್ಲ, ಗಡಿಯಾರ ಎರಡಿತ್ತು

ಇವತ್ತು ಒಂದು ‘ಟಿಕ್’ ಶಬ್ದದ ಕಥೆ ಹೇಳ್ತೀನಿ. ಅದರಿಂದ ನನ್ನ 38,000 ರೂಪಾಯಿ ಹೋಗೋದರಲ್ಲಿತ್ತು.

ನಮ್ಮಪ್ಪನ ಹತ್ರ ಹಳೇ ಸಿಡಿ ಪ್ಲೇಯರ್ ಇದೆ, ಜೊತೆಗೆ ಒಂದು ಟ್ರಂಕ್ ತುಂಬ ಸಿಡಿಗಳು. ಪ್ಲೇಯರ್‌ನ ಮಾಮೂಲಿ ಔಟ್‌ಪುಟ್ ಕೆಟ್ಟಿತ್ತು, ಆಪ್ಟಿಕಲ್ ಔಟ್ ಮಾತ್ರ ಚೆನ್ನಾಗಿತ್ತು. ನಾನು ಪಾಡ್‌ಕಾಸ್ಟ್ ರೆಕಾರ್ಡ್ ಮಾಡೋ ಆಡಿಯೋ ಇಂಟರ್‌ಫೇಸ್‌ಗೆ ಆ ಕೇಬಲ್ ಚುಚ್ಚಿದೆ. ಸ್ಪೀಕರ್‌ನಲ್ಲಿ ಹಾಡು ಬಂತು. ಆದ್ರೆ ಸುಮಾರು ಅರ್ಧ ನಿಮಿಷಕ್ಕೊಮ್ಮೆ ಟಿಕ್!

‘ಸಿಡಿಗಳಿಗೆ ವಯಸ್ಸಾಯ್ತು ಕಣೋ, ಗುಜರಿಗೆ ಹಾಕು’ ಅಂದ್ರು ಅಪ್ಪ. ಅವರ ಮುಖ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಅಂಗಡಿಗೆ ಹೋದೆ. ದುಬಾರಿ ಕೇಬಲ್ ಕೊಟ್ರು, 4,500 ರೂಪಾಯಿ. ಟಿಕ್ ಹೋಗಲಿಲ್ಲ. ಮತ್ತೆ ಹೋದಾಗ, ‘ಹೊರಗಡೆಯಿಂದ ಒಂದು ಮಾಸ್ಟರ್ ಕ್ಲಾಕ್ ಹಾಕಿ, 38,000 ಆಗತ್ತೆ’ ಅಂದ್ರು. ನಾನು ಬಿಕಾಂ. ವೋಚರ್ ನೋಡದೆ ಖರ್ಚು ಬರೆಯೋ ಅಭ್ಯಾಸ ಇಲ್ಲ. ಮನೆಗೆ ಬಂದು ಇಂಟರ್‌ಫೇಸ್‌ನ ಮ್ಯಾನ್ಯುಯಲ್ ತೆಗೆದೆ.

ವಿಷಯ ಇಷ್ಟು. ಸಿಡಿಯಲ್ಲಿ ಒಂದು ಸೆಕೆಂಡಿನ ಶಬ್ದ ಅಂದ್ರೆ, ಪ್ರತಿ ಚಾನೆಲ್‌ಗೆ 44,100 ಸಂಖ್ಯೆಗಳು. ಒಂದೊಂದನ್ನೂ ಸ್ಯಾಂಪಲ್ ಅಂತಾರೆ. ಅವನ್ನ ಸರಿಯಾದ ವೇಗದಲ್ಲಿ ಬಿಡೋಕೆ ಯಂತ್ರದೊಳಗೆ ಒಂದು ಗಡಿಯಾರ ಇರತ್ತೆ. ಮುಳ್ಳಿನ ಗಡಿಯಾರ ಅಲ್ಲ, ಒಂದೇ ಸಮನೆ ಕಂಪಿಸೋ ಸ್ಫಟಿಕದ ಚೂರು, ಕ್ವಾರ್ಟ್ಜ್. ಆದ್ರೆ ಯಾವ ಎರಡು ಸ್ಫಟಿಕಗಳೂ ಪಕ್ಕಾ ಒಂದೇ ವೇಗದಲ್ಲಿ ಓಡೋದಿಲ್ಲ. 10 ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂತ ಇಟ್ಕೊಳ್ಳಿ. ಸೆಕೆಂಡಿಗೆ ಎರಡು ಸ್ಯಾಂಪಲ್‌ಗಿಂತ ಸ್ವಲ್ಪ ಜಾಸ್ತಿ ಹೆಚ್ಚುಕಮ್ಮಿ ಆಗತ್ತೆ.

ಈಗ ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಒಳಗೆ ಬರೋ ನೀರು ಪ್ಲೇಯರ್ ಗಡಿಯಾರದ ಲೆಕ್ಕ, ನಲ್ಲಿಯಿಂದ ಹೋಗೋದು ಇಂಟರ್‌ಫೇಸ್ ಗಡಿಯಾರದ ಲೆಕ್ಕ. ವ್ಯತ್ಯಾಸ ಎಷ್ಟೇ ಸಣ್ಣದಿರಲಿ, ಟ್ಯಾಂಕ್ ಒಂದಲ್ಲ ಒಂದು ಹೊತ್ತಿಗೆ ತುಂಬಿ ಚೆಲ್ಲತ್ತೆ, ಇಲ್ಲವೇ ಬರಿದಾಗತ್ತೆ. ಟ್ಯಾಂಕ್‌ನಲ್ಲಿ 64 ಸ್ಯಾಂಪಲ್‌ಗಷ್ಟೇ ಜಾಗ ಇದ್ರೆ ಸುಮಾರು 29 ಸೆಕೆಂಡಿಗೊಮ್ಮೆ ಹೀಗಾಗತ್ತೆ. ಆ ಕ್ಷಣ ಅಲೆ ತುಂಡಾಗತ್ತೆ. ಅದೇ ಟಿಕ್. ಗೀರು ಬಿದ್ದ ಸಿಡಿಯಾದ್ರೆ ಗೀರಿದ್ದ ಕಡೆ ತೊಂದರೆ ಕೊಡತ್ತೆ. ಎಲ್ಲ ಸಿಡಿಯಲ್ಲೂ ಒಂದೇ ಲೆಕ್ಕದಲ್ಲಿ ಟಿಕ್ ಬಂದ್ರೆ ಮೊದಲು ಗಡಿಯಾರದ ಮೇಲೆ ಅನುಮಾನ ಪಡಿ.

ಆಪ್ಟಿಕಲ್ ಕೇಬಲ್‌ನಲ್ಲಿ ಹೋಗೋದು ಸೋನಿ, ಫಿಲಿಪ್ಸ್ ಕಂಪನಿಗಳು ಸೇರಿ ಮಾಡಿದ ಎಸ್‌ಪಿಡಿಫ್ ಸಿಗ್ನಲ್. ಅದು ಒನ್‌ವೇ ರಸ್ತೆ. ‘ಸ್ವಲ್ಪ ನಿಧಾನ ಕಳಿಸಪ್ಪಾ’ ಅಂತ ವಾಪಸ್ ಹೇಳೋಕೆ ದಾರಿಯೇ ಇಲ್ಲ. ಅದಕ್ಕೇ ಡೇಟಾ ಜೊತೆ ತಾಳವನ್ನೂ ಅದೇ ಸಿಗ್ನಲ್‌ನಲ್ಲಿ ಹೆಣೆದು ಕಳಿಸ್ತಾರೆ. ಕೇಳೋ ಯಂತ್ರ ತನ್ನ ತಾಳ ಬಿಟ್ಟು ಆ ತಾಳ ಹಿಡಿಬೇಕು. ನನ್ನ ಇಂಟರ್‌ಫೇಸ್‌ನಲ್ಲಿ ‘ಕ್ಲಾಕ್ ಸೋರ್ಸ್’ ಅನ್ನೋ ಕಡೆ ‘ಇಂಟರ್ನಲ್’ ಅಂತಿತ್ತು. ಅದನ್ನ ‘ಆಪ್ಟಿಕಲ್’ ಮಾಡಿದೆ. ಟಿಕ್ ನಿಂತಿತು. ಖರ್ಚು ಸೊನ್ನೆ.

ನಿಮ್ಮ ಫೋನ್‌ಗೆ ಯುಎಸ್‌ಬಿ ಡ್ಯಾಕ್ ಹಾಕಿದ್ರೆ ಸಾಮಾನ್ಯವಾಗಿ ಇದು ಉಲ್ಟಾ. ‘ಅಸಿಂಕ್ರೊನಸ್’ ಅಂತ ಬರೆದಿರೋ ಡ್ಯಾಕ್‌ನಲ್ಲಿ ಯಜಮಾನಿಕೆ ಡ್ಯಾಕ್‌ನ ಗಡಿಯಾರದ್ದು. ಟ್ಯಾಂಕ್ ನೋಡ್ಕೊಂಡು ‘ಜಾಸ್ತಿ ಕಳಿಸು, ಕಮ್ಮಿ ಕಳಿಸು’ ಅಂತ ಅದೇ ಫೋನ್‌ಗೆ ಹೇಳ್ತಿರತ್ತೆ. ಅಲ್ಲಿ ರಸ್ತೆ ಟೂವೇ.

ಹಾಗಾದ್ರೆ ಜಿಟ್ಟರ್ ಅನ್ನೋದು ಸುಳ್ಳಾ? ಅಲ್ಲ. ತಾಳ ಹಿಂದೆಮುಂದೆ ಅಲುಗಾಡೋದಕ್ಕೆ ಜಿಟ್ಟರ್ ಅಂತಾರೆ. ಅದು ನಿಜ, ಅಳೆಯಬಹುದು ಕೂಡ. ಆದ್ರೆ ಈಗಿನ ಒಳ್ಳೆ ಡ್ಯಾಕ್‌ಗಳು ಅದನ್ನ ಒಳಗೇ ಚೆನ್ನಾಗಿ ಸೋಸ್ತವೆ. ಹೊರಗಿನ ಮಾಸ್ಟರ್ ಕ್ಲಾಕ್ ಬೇಕಾಗೋದು ಹತ್ತಾರು ಯಂತ್ರ ಒಟ್ಟಿಗೆ ಓಡೋ ಸ್ಟುಡಿಯೋಗಳಿಗೆ. ಒಂದು ಪ್ಲೇಯರ್, ಒಂದು ಡ್ಯಾಕ್ ಇರೋ ಮನೆಯಲ್ಲಿ ಯಜಮಾನ ಯಾರು ಅಂತ ತೀರ್ಮಾನ ಆದ್ರೆ ಸಾಕು. ದುಡ್ಡು ಕೊಡೋ ಮೊದಲು ಸೆಟ್ಟಿಂಗ್ ತೆಗೆದು ನೋಡಿ.

ಆ 4,500ರ ಕೇಬಲ್ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಹೋಗಲಿ, ಅದು ಫೀಸು ಅಂದ್ಕೊಂಡೆ. ಅಪ್ಪನ ಟ್ರಂಕ್ ಮಾತ್ರ ಮಂಚದ ಕೆಳಗಿಂದ ಹಾಲ್‌ಗೆ ಬಂದಿದೆ. ದಿನಾ ಸಂಜೆ ಒಂದು ಸಿಡಿ, ಪೂರ್ತಿ ಕೇಳ್ತಾರೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.