ಕಲ್ಲಿನ ಸಾಲು, ಚುಕ್ಕಿಯ ಇರುಳು

ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಇವನ್ನು ದಾಖಲಿಸಿದ್ದ. ಕೆಲವು ಸಾಲುಗಳು ಸೂರ್ಯನ ಉದಯಾಸ್ತದ ದಿಕ್ಕು ತೋರುತ್ತವೆಂಬುದು ಖಗೋಳಜ್ಞರ ಅಭಿಪ್ರಾಯ.

ಆ ಜನರಲ್ಲಿ ದೂರದರ್ಶಕವಿರಲಿಲ್ಲ, ಗಾಢ ಕತ್ತಲೆಯಿತ್ತು. ನಾವಿಂದು ಪುಟ್ಟ ದೂರದರ್ಶಕವನ್ನು ಹೆಗಲಿಗೇರಿಸಿ ಬೆಟ್ಟ ಹತ್ತಬಹುದು. 60 ಮಿ.ಮೀ. ಮಸೂರವಿದ್ದರೂ ಸಾಕು, ಗೆಲಿಲಿಯೊ 1610ರಲ್ಲಿ ಕಂಡ ಗುರುವಿನ ನಾಲ್ಕು ಚಂದ್ರರು ಕಾಣುತ್ತಾರೆ. ಶಹಾಪುರದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 17 ಡಿಗ್ರಿ ಮೇಲಿರುತ್ತದೆ. ಚಳಿಗಾಲದ ರಾತ್ರಿ ದಕ್ಷಿಣದಲ್ಲಿ ಅಗಸ್ತ್ಯ ಹೊಳೆಯುತ್ತದೆ.

ಆದರೆ ಆಕಾಶಗಂಗೆ ಕಾಣಲು ಮಸೂರಕ್ಕಿಂತ ಕತ್ತಲೆ ಮುಖ್ಯ. ಕಲ್ಲು ಸರಿದರೆ ಸಾಲು ಕೆಟ್ಟಿತು. ಬೀದಿದೀಪದ ಬೆಳಕು ಮೇಲಕ್ಕೆ ಚೆಲ್ಲಿದರೆ ಆಕಾಶ ಕೆಟ್ಟಿತು. ದೀಪಗಳಿಗೆ ಮುಚ್ಚಳ ಹಾಕೋಣ. ಕೆಳಗೆ ಬೆಳಕು, ಮೇಲೆ ಚುಕ್ಕಿ, ಎರಡೂ ಉಳಿದಾವು.