ಎಡಗೊಂಬಿನ ತುದಿ

1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮಾತು ಕನ್ನಡ, ಶಾಲೆ ತೆಲುಗು. ಗೋನೆಗಂಡ್ಲದ ನಮ್ಮ ಮನೆಯೂ ಹಾಗೇ.

ಮೊನ್ನೆ ಮೊಮ್ಮಗಳು ಎತ್ತು ಬರೆದಳು. ಮೈಗಿಂತ ಕೊಂಬೇ ದೊಡ್ಡದು. ಮರದಲ್ಲಿ ಕೆತ್ತಿಕೊಡೋಣ ಅಂತ ಕೂತೆ. ಚನ್ನಪಟ್ಟಣದ ಬೊಂಬೆಗೆ ಹಾಲೆ ಮರ. ನನಗೆ ಸಿಕ್ಕಿದ್ದು ಅಂಗಳದ ಬೇವು. ನೆರಳಲ್ಲಿ ಒಣಗಿಸಿದ ತುಂಡಿನ ಮೇಲೆ ಕಾರ್ಬನ್ ಹಾಳೆ ಇಟ್ಟು ಗೆರೆ ಇಳಿಸಿದೆ. ಕೈ ಸುಮ್ಮನಿರಬೇಕಲ್ಲ, ಕೊಂಬನ್ನು ಒಂಚೂರು ಗಿಡ್ಡ ಮಾಡು ಅನ್ನುತ್ತಿತ್ತು. ದೊಡ್ಡವರ ಚಾಳಿ! ತಡೆದುಕೊಂಡೆ.

ನಾನು ಎಡವಿದ್ದು ಬೇರೆ ಕಡೆ. ಕಾಲು ಮುರಿಯದಿರಲೆಂದು ಮರದ ಎಳೆಯ ಉದ್ದಕ್ಕೇ ಕಾಲು ಬರುವಂತೆ ಚಿತ್ರ ಕೂರಿಸಿದ್ದೆ. ಅಗಲಕ್ಕೆ ಚಾಚಿದ ಕೊಂಬುಗಳು ಎಳೆಗೆ ಅಡ್ಡ ಬಿದ್ದವು. ಉಳಿ ಕೆಳಗಿಟ್ಟು ಉಜ್ಜುಕಾಗದದಲ್ಲಿ ನಯ ಮಾಡುವಾಗ ಎಡಗೊಂಬಿನ ತುದಿ ಟಕ್ಕನೆ ಕೈಗೆ ಬಂತು. ಅಂಟು ಹುಡುಕುತ್ತಿದ್ದೆ. ಅವಳು ಬಂದು ನೋಡಿದಳು.

"ಇರ್ಲಿ ಬಿಡು ತಾತ, ನಮ್ಮ ಎತ್ತಿಗೂ ಒಂದು ಕೊಂಬು ಮೊಂಡೇ ಐತಲ್ಲ."

ಅಗಸೆ ಎಣ್ಣೆ ಸವರಿ ಕಿಟಕಿಯಲ್ಲಿಟ್ಟಿದ್ದೇನೆ. ಹಾಳೆಯ ಮೇಲಿನ ಎತ್ತಿಗೂ ಅವಳೇ ರಬ್ಬರ್ ಹಿಡಿದು ಎಡಗೊಂಬಿನ ತುದಿ ಅಳಿಸಿದ್ದಾಳೆ.