ಪ್ಲೇಗಿನ ರೋಗಾಣು ಮೈಯ ಕಾವಲನ್ನು ತಪ್ಪಿಸುವ ಬಗೆ
(ಭಾಷಣದ ಪಠ್ಯ)



ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಭಾಗದಲ್ಲಿ ಬೀದಿಗಳು ನೇರವಾಗಿವೆ, ಅಗಲವಾಗಿವೆ. ಮನೆಗಳ ಹಿಂದೆ ಕಸ ಸಾಗಿಸಲೆಂದು ಬಿಟ್ಟ ಓಣಿಗಳಿವೆ. ಹಳೆಯ ಪೇಟೆಯಲ್ಲಿ ಇಂಥ ಏರ್ಪಾಡಿರಲಿಲ್ಲ. 1898ರಲ್ಲಿ ಅಲ್ಲಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಮನೆಗಳಲ್ಲಿ ಮೊದಲು ಇಲಿಗಳು ಬಿದ್ದವು, ಹಿಂದೆಯೇ ಜನ ಸತ್ತರು. ಈ ಎರಡು ಬಡಾವಣೆಗಳು ಬೆಳೆದುದು ಆ ಪಿಡುಗಿನ ಬೆನ್ನಿಗೇ. ನಗರದ ಪ್ಲೇಗ್ ಮಾರಮ್ಮನ ಗುಡಿಗಳೂ ಆ ಭಯದ ಗುರುತುಗಳೇ.

ಗಟ್ಟಿಮುಟ್ಟಾದ ಆಳು ಕೂಡ ಕೆಲವೇ ದಿನಗಳಲ್ಲಿ ಸಾಯುತ್ತಿದ್ದುದೇಕೆ? ಮೈಯಲ್ಲಿ ಕಸುವಿಲ್ಲದೆ ಅಲ್ಲ. ಮೈಯ ಕಾವಲುಗಾರರಿಗೆ ಕಳ್ಳ ಒಳಗೆ ಬಂದದ್ದೇ ತಿಳಿಯುತ್ತಿರಲಿಲ್ಲ.

ಇಲಿಯ ಮೈಮೇಲಿನ ಚಿಗಟದಲ್ಲಿ ಈ ರೋಗಾಣು ಸುಮಾರು 26 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶದಲ್ಲಿರುತ್ತದೆ. ಇಲಿ ಸತ್ತು ತಣ್ಣಗಾದೊಡನೆ ಚಿಗಟ ಅದನ್ನು ಬಿಟ್ಟು ಮನುಷ್ಯನ ಮೇಲೆ ಹಾರುತ್ತದೆ. (ಚಿಗಟದ ಈ ಪಾತ್ರವನ್ನು ಫ್ರಾನ್ಸಿನ ವೈದ್ಯ ಸಿಮೋಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ.) ಚಿಗಟ ಕಚ್ಚಿದಾಗ ಒಳಹೊಕ್ಕ ರೋಗಾಣುಗಳಿಗೆ ಆಗಿನ್ನೂ ರಕ್ಷಣೆಯಿಲ್ಲ. ಬಿಳಿ ರಕ್ತಕಣಗಳು ಅವನ್ನು ನುಂಗುತ್ತವೆ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಆದರೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ನುಂಗಿದ ಕೆಲವು ಸಾಯುವುದಿಲ್ಲ. ನುಂಗಿದ ಹೊಟ್ಟೆಯೊಳಗೇ ಅಡಗಿ ಬೆಳೆಯುತ್ತವೆ.

ಮೈಯ 37 ಡಿಗ್ರಿ ಕಾವು ತಗಲಿದ ಮೇಲೆ ಅವುಗಳ ನಡತೆಯೇ ಬೇರೆ. ಹೊರಮೈಗೆ ಪ್ರೋಟೀನಿನ ಲೋಳೆಕವಚ ಬರುತ್ತದೆ. ಹಾಗೆ ಕವಚ ತೊಟ್ಟು ಹೊರಬಂದ ರೋಗಾಣುವನ್ನು ರಕ್ತಕಣ ಸುಲಭವಾಗಿ ನುಂಗಲಾರದು. ಜೊತೆಗೆ ಸೂಜಿಯಂಥ ಅಂಗವೊಂದು ಮೂಡುತ್ತದೆ. ಹತ್ತಿರ ಬಂದ ರಕ್ತಕಣಕ್ಕೆ ಅದನ್ನು ಚುಚ್ಚಿ, ನುಂಗುವ ಶಕ್ತಿಯನ್ನೇ ಕೆಡಿಸುವ ವಸ್ತುಗಳನ್ನು ಒಳಕ್ಕೆ ಬಿಡುತ್ತದೆ.

ಎಲ್ಲಕ್ಕಿಂತ ಜಾಣತನದ್ದು ಮೂರನೆಯದು. ಇಂಥ ಅನೇಕ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಒಂದು ಕೊಬ್ಬಿನ ಅಂಶವನ್ನು ಗುರುತು ಹಿಡಿದು ನಮ್ಮ ಮೈ ಎಚ್ಚರದ ಗಂಟೆ ಬಾರಿಸುತ್ತದೆ. ಪ್ಲೇಗಿನ ರೋಗಾಣು ಮೈಯ ಕಾವಿನಲ್ಲಿ ಆ ಅಂಶದ ರಚನೆಯನ್ನೇ ಬದಲಿಸಿಕೊಳ್ಳುತ್ತದೆ. ಗಂಟೆ ಬಾರಿಸುವುದಿಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿಜ್ಞಾನಿಗಳು ಈ ಬದಲಾವಣೆಯಾಗದಂಥ ರೋಗಾಣುವನ್ನು ತಯಾರಿಸಿ ಸುಂಡಿಲಿಗಳಿಗೆ ಚುಚ್ಚಿದರು. ಮಿಕ್ಕ ಆಯುಧಗಳೆಲ್ಲ ಇದ್ದರೂ ಅದಕ್ಕೆ ಸುಂಡಿಲಿಗಳನ್ನು ಕೊಲ್ಲಲಾಗಲಿಲ್ಲ.

ಆದುದರಿಂದಲೇ ಮೊದಲ ಕೆಲವು ದಿನ ಮನುಷ್ಯ ಚೆನ್ನಾಗಿಯೇ ಓಡಾಡುತ್ತಾನೆ. ಜ್ವರ ಏರಿ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಎದ್ದು ನೋಯುವ ಹೊತ್ತಿಗೆ ರೋಗಾಣು ವಿಪರೀತ ವೃದ್ಧಿಯಾಗಿರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಗಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಾರೆ. ಸ್ಟ್ರೆಪ್ಟೋಮೈಸಿನ್ ಮುಂತಾದ ಔಷಧಿಗಳು ರೋಗಾಣುವಿನ ಮೇಲೆ ನೇರವಾಗಿ ಕೆಲಸ ಮಾಡುವುದರಿಂದ, ಬೇಗ ಕೊಟ್ಟರೆ ಹೆಚ್ಚಿನವರು ಉಳಿಯುತ್ತಾರೆ. ಗಡ್ಡೆಗೆ ಪಟ್ಟು ಹಾಕಿ ಎರಡು ದಿನ ನೋಡೋಣವೆಂದರೆ ಕಳೆದುಹೋಗುವುದು ಆ ಎರಡು ದಿನವೇ.

ಇಲಿ ಬಿತ್ತೆಂದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳೆಯ ಮೈಸೂರು ಸೀಮೆಯ ರೂಢಿಯಾಗಿತ್ತು. ಹಿರಿಯರಿಗೆ ರೋಗಾಣುವಿನ ಕವಚದ ವಿಷಯ ತಿಳಿದಿರಲಿಲ್ಲ. ಆದರೂ ಅದು ಮೈಯೊಳಗೆ ಬರುವ ಮುನ್ನವೇ ತಪ್ಪಿಸಿಕೊಳ್ಳುವ ದಾರಿ ಹಿಡಿದಿದ್ದರು.

ಕರ್ನಾಟಕದಲ್ಲಿ ಈಗ ಪ್ಲೇಗಿನ ಹಾವಳಿಯಿಲ್ಲ. ಆದರೆ 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲೂ ಗುಜರಾತಿನ ಸೂರತ್ತಿನಲ್ಲೂ ಅದು ಮತ್ತೆ ತಲೆಯೆತ್ತಿತ್ತು. ಕಣಜದಲ್ಲೋ ಹಟ್ಟಿಯಲ್ಲೋ ವಿಷವಿಕ್ಕದೆಯೇ ಇಲಿಗಳು ಸಾಲಾಗಿ ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು. ಅಂಥ ಸಮಯದಲ್ಲಿ ಅವಸರದಿಂದ ಇಲಿಪಾಷಾಣ ಇಡುವುದೂ ತಪ್ಪು. ಮೊದಲು ಬಿಲಗಳ ಸುತ್ತಿನ ಚಿಗಟಗಳನ್ನು ಆರೋಗ್ಯ ಇಲಾಖೆಯವರ ಸಲಹೆಯಂತೆ ಔಷಧಿ ಹಾಕಿ ಕೊಲ್ಲಿಸಬೇಕು, ಇಲಿಯ ಸರದಿ ಆಮೇಲೆ. ಇಲ್ಲವಾದರೆ ಸತ್ತ ಇಲಿಯನ್ನು ಬಿಟ್ಟ ಚಿಗಟಗಳು ಪಕ್ಕದಲ್ಲೇ ಮಲಗಿದ ಮಕ್ಕಳ ಹಾಸಿಗೆಗೆ ಬರುತ್ತವೆ.